ಒಂದೇ ಸಲ ಕೇಳುವ ಊರಲ್ಲಿ ವಿಜಯಕ್ಕ

ಲಂಡನ್ನಿನ ನಮ್ಮ ಸ್ಟ್ಯಾನ್ಮೋರ್ ಬೀದಿಯಲ್ಲಿ ವಿಜಯಕ್ಕನಷ್ಟು ಚುರುಕಾದ ಹೆಂಗಸು ಇನ್ನೊಬ್ಬರಿಲ್ಲ, ಅವರಷ್ಟು ಪೆದ್ದಿಯೂ ಇಲ್ಲ. ಎರಡನ್ನೂ ನಾನು ಒಂದೇ ದಿನ ಕಂಡೆ.

ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಹರಟುತ್ತ ಕೂತಿದ್ದೆ. ವಿಜಯಕ್ಕ ಜೋಳದ ರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಅವರ ಕೈಯೆಲ್ಲ ಹಿಟ್ಟಾಗಿದ್ದರಿಂದ ನಾನೇ ಸ್ಪೀಕರ್‌ಗೆ ಹಾಕಿದೆ. ಅವರ ಪ್ರೊಫೆಸರ್ ಹೆಲೆನ್. ಲಂಡನ್ನಿನ ನಡುವೆ ಕಾನೂನು, ಅರ್ಥಶಾಸ್ತ್ರಗಳಿಗೆಂದೇ ಇರುವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ವಿಜಯಕ್ಕ ಐವತ್ತು ದಾಟಿದ ಮೇಲೆ ಸೇರಿದ್ದರು. ಮಕ್ಕಳ ವಯಸ್ಸಿನವರ ಪಕ್ಕ ಕೂತು ಓದಿ, ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ತಂಡದ ಜೊತೆ ಅಂತಿಮ ಸುತ್ತಿಗೂ ಬಂದಿದ್ದರು.

"ಫೈನಲ್‌ನಲ್ಲಿ ಮುಖ್ಯ ವಾದ ನೀವು ಮಂಡಿಸುತ್ತೀರಾ?" ಎಂದು ಹೆಲೆನ್ ಕೇಳಿದರು.

ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ! ವಿಜಯಕ್ಕನ ಮುಖವೂ ಅರಳಿತು. ಬಾಯಿ ಮಾತ್ರ ಇಂಗ್ಲಿಷಿನಲ್ಲಿ, "ಅಯ್ಯೋ ಬೇಡ, ನಾನೇಕೆ? ಯಾರಾದರೂ ಚಿಕ್ಕವರಿಗೆ ಕೊಡಿ" ಎಂದಿತು.

"ಸರಿ, ನಿಮ್ಮಿಷ್ಟ. ಮಧ್ಯಾಹ್ನ ಕ್ಲಾಸಿನಲ್ಲಿ ಬೇರೆಯವರ ಹೆಸರು ಹೇಳುತ್ತೇನೆ," ಎಂದು ಹೆಲೆನ್ ಫೋನಿಟ್ಟರು.

ವಿಜಯಕ್ಕ ಫೋನನ್ನೇ ನೋಡುತ್ತ ನಿಂತರು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ಅಕಿ ಇನ್ನೊಮ್ಮೆ ಕೇಳಲೇ ಇಲ್ಲಲ್ಲ ಶೋಭಾ!"

ವಿಜಯಕ್ಕ ಧಾರವಾಡದವರು, ಅಲ್ಲಿಯ ಉಪಚಾರ ನಿಮಗೆ ಗೊತ್ತಲ್ಲ. ಮೊದಲ ಸಲಕ್ಕೇ ಹೂಂ ಅನ್ನುವಂತಿಲ್ಲ. ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ಹಾಕಿಸಿಕೊಳ್ಳಬೇಕು. ನಮ್ಮ ಬೆಂಗಳೂರಲ್ಲೂ ಅದೇ ಕಥೆ ಅನ್ನಿ. ಹೆಲೆನ್‌ಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿರುತ್ತಾರೆ?

"ಏನಕ್ಕ ಇದು, ನಿಮಗೆ ಆಸೆ ಇಲ್ವಾ?" ಎಂದು ರೇಗಿದೆ.

"ಜೀವ ಹೋಗುವಷ್ಟು ಐತಿ," ಎಂದ ವಿಜಯಕ್ಕನ ಕಣ್ಣು ತುಂಬಿತು. "ಮದುವಿ ಆದಾಗ ನಮ್ಮ ಮಾವನೋರು ಕೇಳಿದ್ರು, ಲಾ ಕಾಲೇಜು ಮುಂದುವರಸ್ತೀಯೇನವಾ ಅಂತ. ಬ್ಯಾಡ್ರಿ ಅಂದೆ. ಅವರೂ ಇನ್ನೊಮ್ಮೆ ಕೇಳಲಿಲ್ಲ."

ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು. ಒಂದು ಮರ್ಯಾದೆಯ ಮಾತಿಗೆ ಈ ಹೆಂಗಸು ಅರ್ಧ ಆಯುಷ್ಯವನ್ನೇ ಕೊಟ್ಟಿದ್ದರು. ತಿರುಗಿ ಫೋನ್ ಮಾಡಿದರೆ ಹೆಲೆನ್ ಎತ್ತಲಿಲ್ಲ. "ನಡೀರಿ, ಹೋಗೇಬಿಡೋಣ" ಎಂದೆ.

ಅವರ ಯಜಮಾನರು ದಾನಪ್ಪ, ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರು, ಪೇಪರ್ ಓದುತ್ತಿದ್ದರು. "ಉಳಿದ ಹಿಟ್ಟು ನೀವೇ ತಟ್ರಿ," ಎಂದು ವಿಜಯಕ್ಕ ಕೋಟು ತೊಟ್ಟರು. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ನಾವು ಗೇಟು ದಾಟಿದ್ದೆವು.

ಟ್ಯೂಬ್ ರೈಲಿನಲ್ಲಿ ನನಗೆ ಕೂರಲಾಗಲಿಲ್ಲ. ವಿಜಯಕ್ಕ ಮಾತ್ರ ತಮ್ಮಷ್ಟಕ್ಕೆ ತಾವೇ ಏನೋ ಗೊಣಗುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

"ಒಲ್ಲೆ ಅಂದಕೂಡ್ಲೆ ಆ ಪ್ರಸ್ತಾಪ ಸತ್ತಂಗ. ಕರಾರು ಕಾಯ್ದೆದಾಗ ಮೊದಲನೇ ಪಾಠ! ಇನ್ನ ಅಕಿ ಕೇಳೂದಿಲ್ಲ. ನಾನೇ ಹೊಸದಾಗಿ ಕೇಳಬೇಕು."

"ಹಂಗಾದ್ರೆ ಕೇಳಿ!" ಎಂದು ಕೂಗಿದೆ. ಎದುರಿನ ಮುದುಕ ಪೇಪರ್ ಕೆಳಗಿಳಿಸಿ ನೋಡಿದ. ನೋಡಲಿ ಬಿಡಿ.

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಓಡಿದೆವು. ಹೆಲೆನ್ ಆಗಲೇ ಕ್ಲಾಸಿನ ಬಾಗಿಲಿಗೆ ಕೈ ಹಾಕಿದ್ದರು. ವಿಜಯಕ್ಕ ಏದುಸಿರಿನಲ್ಲೇ ಇಂಗ್ಲಿಷಿನಲ್ಲಿ ಶುರುಮಾಡಿದರು:

"ಬೆಳಿಗ್ಗೆ ನೀವಿಟ್ಟ ಪ್ರಸ್ತಾಪವನ್ನು ನಾನೇ ಕೊಂದೆ. ಈಗ ನಾನೊಂದು ಹೊಸದು ಇಡುತ್ತಿದ್ದೇನೆ. ಮುಖ್ಯ ವಾದ ನನಗೆ ಕೊಡಿ."

ಹೆಲೆನ್ ಬಾಗಿಲಿನಿಂದ ಕೈ ತೆಗೆದರು. "ಇನ್ನೂ ಯಾರನ್ನೂ ಕೇಳಿಲ್ಲ. ಆದರೆ ಒಬ್ಬ ಹುಡುಗಿ ಮನಸ್ಸಿನಲ್ಲಿದ್ದಾಳೆ, ಚೆನ್ನಾಗಿ ಮಾತಾಡುತ್ತಾಳೆ. ನಿಮಗೆ ನಿಜಕ್ಕೂ ಬೇಕೇ?"

ಅವಳಿಗೇ ಕೊಡಿ ಎಂಬ ಮಾತು ವಿಜಯಕ್ಕನ ನಾಲಿಗೆಯ ತುದಿಗೇ ಬಂದಿತ್ತು, ನನಗೆ ಕಾಣುತ್ತಿತ್ತು. ಅವರು ಅದನ್ನು ನುಂಗಿಬಿಟ್ಟರು.

"ಬೇಕು. ನನಗೆ ಬೇಕು."

"ಒಪ್ಪಿದೆ," ಎಂದು ಹೆಲೆನ್ ನಕ್ಕು ಬಾಗಿಲು ತೆರೆದರು. ನಾನು ಕಾರಿಡಾರಿನಲ್ಲೇ ವಿಜಯಕ್ಕನನ್ನು ತಬ್ಬಿ ಕುಣಿದಾಡಿದೆ.

ಸಂಜೆ ಮನೆಗೆ ಬಂದರೆ ಡಾಕ್ಟರು ನಿಜವಾಗಿಯೂ ರೊಟ್ಟಿ ಮಾಡಿಟ್ಟಿದ್ದರು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಸುದ್ದಿ ಕೇಳಿ ಹಿಗ್ಗಿ, ಹೆಂಡತಿಗೆ ತಾವೇ ಬಡಿಸಿದರು.

"ಇನ್ನೊಂದು ಹಾಕ್ಲೇನ?" ಎಂದು ಕೇಳಿ, ಉತ್ತರ ಗೊತ್ತೇ ಇದೆ ಎಂಬಂತೆ ರೊಟ್ಟಿಯನ್ನು ಡಬ್ಬಿಗೆ ಮರಳಿಸುತ್ತಿದ್ದರು.

"ಹಾಕ್ರಿ," ಎಂದು ವಿಜಯಕ್ಕ ತಟ್ಟೆ ಚಾಚಿದರು.