ಚಿಕ್ಕಬೋರಮ್ಮ ಸುಣ್ಣ ಬಳಿದ ಕಲ್ಲು

ಶ್ರೀರಂಗಪಟ್ಟಣ ಬಿಟ್ಟೆವೆಂದು, ಅತಿಥಿಗಳ ಕಾರು ಓಡಿಸುತ್ತಿದ್ದ ನಾಗರಾಜು ಬೆಳಿಗ್ಗೆ ಹತ್ತಕ್ಕೆ ಫೋನು ಮಾಡಿದಾಗ ಚಿಕ್ಕಬೋರಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಕಾರು ಇನ್ನು ಪಾಂಡವಪುರಕ್ಕೆ ಹೋಗಬೇಕು, ಆಮೇಲೆ ಕೆ.ಆರ್. ಪೇಟೆಗೆ, ಕೊನೆಗೆ ಬಿಂಡಿಗನವಿಲೆ ಪಕ್ಕದ ಈ ಹಳ್ಳಿಗೆ. ಪಾಸ್ಟರ್ ಜ್ಞಾನದಾಸ್ ಮತ್ತು ಅವರ ಹೆಂಡತಿ ವಸಂತಮ್ಮ ಹದಿನಾಲ್ಕು ವರ್ಷ ಇದೇ ದಾರಿಯಲ್ಲಿ ಹಳೆಯ ಬೈಕಿನಲ್ಲಿ ಓಡಾಡಿ ಪ್ರಾರ್ಥನೆ ಕೂಟಗಳನ್ನು ಕಟ್ಟಿದವರು. ನಾಗರಕೋಯಿಲಿಗೆ ಹಿಂತಿರುಗಿ ಹನ್ನೊಂದು ವರ್ಷವಾಗಿತ್ತು. ಈಗ ಮಗಳನ್ನೂ ಕರೆದುಕೊಂಡು ಹಳೆಯ ಸಭೆಗಳನ್ನು ನೋಡಲು ಬಂದಿದ್ದರು. ಬೇರೆ ಊರುಗಳಲ್ಲಿ ಅವರು ನೋಡಬೇಕಾದದ್ದು ಬದುಕಿರುವವರನ್ನು. ಇಲ್ಲಿ ಮಾತ್ರ ಒಂದು ಸಮಾಧಿಯನ್ನು.

ಅರವತ್ತರ ಹತ್ತಿರದ ಚಿಕ್ಕಬೋರಮ್ಮ ಸ್ಕೂಲಿನ ಬಿಸಿಯೂಟದ ಅಡುಗೆಯವಳು. ಕುರಿ ಮೇಯಿಸುತ್ತಿದ್ದ ಗಂಡ ಹೋದ ಮೇಲೆ ಅವಳಿಗೆ ಅಕ್ಷರ ಕಲಿಸಿದವರು, ಆ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವರು ವಸಂತಮ್ಮ. ಏಳು ತಿಂಗಳಿಗೇ ಹುಟ್ಟಿದ ಅವರ ಗಂಡುಮಗು ಒಂಬತ್ತು ದಿನ ಬದುಕಿ ಹೋದಾಗ ಕೊನೆಯ ನೀರು ಹಾಕಿದ್ದು ಚಿಕ್ಕಬೋರಮ್ಮ. ಪ್ರಾರ್ಥನೆಯವರಿಗೆಂದು ಮಣ್ಣು ಮಾಡುವ ಜಾಗವಿರಲಿಲ್ಲ. ರೈತ ಶಿವಲಿಂಗಯ್ಯ, "ಮಗೀಗೆ ಎಷ್ಟು ಜಾಗ ಬೇಕಾದಾತು? ನಮ್ಮೊಲದ ಮೂಲೇಲೇ ಮಾಡಿ" ಎಂದಿದ್ದರು. ತಲೆಯ ಕಡೆ ಒಂದು ಕಲ್ಲು ನೆಟ್ಟರು. ಅದಕ್ಕೆ ಹೆಸರು ಕೆತ್ತಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಪ್ರತಿ ಈಸ್ಟರಿಗೂ ಚಿಕ್ಕಬೋರಮ್ಮ ಆ ಕಲ್ಲಿಗೆ ಸುಣ್ಣ ಬಳಿದು, ಹೂವಿಟ್ಟು, ಸೊಸೆ ಪ್ರಮೀಳಾಳ ಫೋನಿನಿಂದ ಫೋಟೊ ಕಳಿಸುತ್ತಿದ್ದಳು. ಆರು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹಾಸನದಲ್ಲಿದ್ದಳು. ಶಿವಲಿಂಗಯ್ಯ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಆ ಮೂರು ತಿಂಗಳಲ್ಲಿ ಅವರ ಮಕ್ಕಳು ಹೊಲ ಭಾಗ ಮಾಡಿಕೊಂಡರು. ಕಿರಿಮಗ ಗಿರೀಶ, ಸುಣ್ಣ ಬಳಿದ ಕಲ್ಲನ್ನು ಸರ್ವೇಯವರು ಗಡಿಗೆ ನೆಟ್ಟ ಬಾಂದುಕಲ್ಲು ಎಂದುಕೊಂಡು ಕಿತ್ತು, ಭಾಗದ ಹೊಸ ಗಡಿಗೆ ನೆಟ್ಟ. ಮೂಲೆಯನ್ನು ಟ್ರಾಕ್ಟರು ಉತ್ತು ಮಟ್ಟ ಮಾಡಿತು.

ಈಸ್ಟರ್ ಹಿಂದಿನ ದಿನ ಊರಿಗೆ ಬಂದ ಚಿಕ್ಕಬೋರಮ್ಮ ಸುಣ್ಣದ ಡಬ್ಬ ಹಿಡಿದು ಹೊಲದಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ, ಕಲ್ಲು ಈಗ ಎಲ್ಲಿತ್ತೋ ಅಲ್ಲಿಯೇ, ಆ ಹೊಸ ಗಡಿಯಲ್ಲೇ, ಅದಕ್ಕೆ ಸುಣ್ಣ ಬಳಿದಳು. ಫೋಟೊ ಹೋಯಿತು. ವಸಂತಮ್ಮನ ದನಿ ಫೋನಿನಲ್ಲಿ ಬಂತು: "ಬೋರಮ್ಮಾ, ನೀನು ಅಲ್ಲಿದ್ದೀ ಅನ್ನೋ ಧೈರ್ಯದಲ್ಲೇ ನಾನು ಇಲ್ಲಿ ನಿದ್ದೆ ಮಾಡೋದು." ಅದಾದ ಮೇಲೆ ಹೇಳುವುದಾದರೂ ಹೇಗೆ? ಮರುವರ್ಷ ಇನ್ನೂ ಕಷ್ಟವಾಯಿತು.

"ಸುಮ್ಕಿರಿ ಅತ್ತೆ," ಎಂದಳು ಪ್ರಮೀಳಾ, ಬೆಳಿಗ್ಗೆಯ ಆ ಫೋನು ಮುಗಿದ ಮೇಲೆ. "ಕಲ್ಲು ಅದೇ ತಾನೇ? ಅವ್ರೇನ್ ಅಗ್ದು ನೋಡ್ತಾರಾ?"

"ಅಂಗನ್ಬ್ಯಾಡ ಕಣೇ."

"ಮತ್ತಿನ್ನೆಂಗೆ ಏಳ್ತೀರಿ? ನಿಮ್ ಮಗೀನ ಮ್ಯಾಲೆ ರಾಗಿ ಬೆಳ್ಕಂಡ್ರು ಅಂತ ಏಳ್ತೀರಾ?"

ಮಧ್ಯಾಹ್ನ ಕೆ.ಆರ್. ಪೇಟೆಯಿಂದ ಮತ್ತೆ ನಾಗರಾಜು. "ಎಲ್ಲೂ ಬುಡ್ತಾನೇ ಇಲ್ಲ ಕಣಕ್ಕ! ಪಾಂಡವಪುರದಲ್ಲಿ ಒಂದೂಟ, ಇಲ್ಲೊಂದೂಟ. ಅಯ್ಯನೋರು ಬೆಲ್ಟು ಸಡ್ಲ ಮಾಡ್ಕಂಡವ್ರೆ. ನೀನೂ ಬಾಡೂಟ ಅಂದೀಯಾ, ಅಲ್ಲೇ ಮಲಗ್ಬುಡ್ತಾರೆ!"

ಅವಳಿಗೆ ನಗು ಬರಲಿಲ್ಲ. ಕಾರು ತಡವಾದಷ್ಟೂ ಒಂದು ಗಳಿಗೆ ಹಗುರವೆನಿಸುತ್ತಿತ್ತು, ಮರುಗಳಿಗೆ ಎದ್ದು ಬಾಗಿಲಿಗೆ ಹೋಗಿ ದಾರಿ ನೋಡುತ್ತಿದ್ದಳು. ಹಿತಕಿದ ಬೇಳೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ನಾಲ್ಕು ಗಂಟೆಗೆ ಬಂದರು. ವಸಂತಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ತಬ್ಬಿಕೊಂಡು, ನೀರನ್ನೂ ಕುಡಿಯದೆ, "ಮೊದಲು ಅಲ್ಲಿಗೆ ಹೋಗೋಣ" ಎಂದರು.

ರಾಗಿ ಕೊಯ್ದ ಹೊಲದಲ್ಲಿ ಅವರೆಯ ಸಾಲುಗಳು ಮಾತ್ರ ನಿಂತಿದ್ದವು. ಬೆಳ್ಳಗಿನ ಕಲ್ಲು ದೂರದಿಂದಲೇ ಕಂಡಿತು. ವಸಂತಮ್ಮ ಬೇಗಬೇಗ ನಡೆದು ಅದರ ಮುಂದೆ ಮಂಡಿಯೂರಿದರು, ಅಂಗೈಯಿಂದ ಮಣ್ಣು ಸವರಿದರು. ಮಗಳು ಸೇವಂತಿಗೆಯ ಪೊಟ್ಟಣ ಬಿಚ್ಚಿದಳು.

"ಕಣ್ಣು ಮುಚ್ಚೋಣ," ಎಂದರು ಪಾಸ್ಟರು.

ಎಲ್ಲರೂ ಮುಚ್ಚಿದರು. ಚಿಕ್ಕಬೋರಮ್ಮನ ಕಣ್ಣು ಮುಚ್ಚಲಿಲ್ಲ. ಆ ಅಂಗೈ ಇನ್ನೂ ಮಣ್ಣು ಸವರುತ್ತಲೇ ಇತ್ತು.

"ಅಯ್ಯನೋರೇ, ಇಲ್ಲಿ ಪ್ರಾರ್ಥನೆ ಮಾಡ್ಬ್ಯಾಡಿ," ಎಂದಳು. "ಮಗ ಇಲ್ಲಿಲ್ಲ."

ಬಾಣಂತನದಿಂದ ಹಿಡಿದು ಫೋಟೊದವರೆಗೆ, ಹಿಂದುಮುಂದಾಗಿ, ಎಲ್ಲವನ್ನೂ ಹೇಳಿದಳು. ಅವರೆಕಾಯಿ ಬಿಡಿಸುತ್ತಿದ್ದ ಗಿರೀಶ ಮಾತು ಕೇಳಿ ಹತ್ತಿರ ಬಂದವನು ತಲೆಯ ಟವೆಲ್ಲು ತೆಗೆದ.

"ಬಾಂದುಕಲ್ಲು ಅಂದ್ಕಂಡ್ಬುಟ್ಟೆ ಕಣಮ್ಮ. ನಮ್ಮಪ್ಪ ಒಂದ್ಮಾತೂ ಏಳಿರ್ನಿಲ್ಲ." ಆಮೇಲೆ ಚಿಕ್ಕಬೋರಮ್ಮನ ಕಡೆ ತಿರುಗಿದ. "ನೀನಾರಾ ಏಳ್ಬಾರ್ದಾಗಿತ್ತಾ ಬೋರಕ್ಕ? ನಾನೇನ್ ಉಲಿನಾ, ನಿನ್ನ ತಿನ್ನಾಕೆ?"

ಪಾಸ್ಟರು ಬೈಬಲ್ ಮಡಚಿ ಬೇರೆ ಕಡೆ ನೋಡುತ್ತಿದ್ದರು.

"ಎಷ್ಟು ವರ್ಷ?" ಎಂದರು ವಸಂತಮ್ಮ.

"ಆರು."

"ಆರು ಫೋಟೊ. ಎಲ್ಲವನ್ನೂ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ." ಅವರ ದನಿಯಲ್ಲಿ ಅಳುವಿರಲಿಲ್ಲ. ಅಳು ಇದ್ದಿದ್ದರೆ ಚಿಕ್ಕಬೋರಮ್ಮನಿಗೆ ತಡೆದುಕೊಳ್ಳಲಾಗುತ್ತಿತ್ತು. ವಸಂತಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಅವರೆಯ ಸಾಲುಗಳ ನಡುವೆ ಒಬ್ಬರೇ ನಡೆದು ಹೋದರು. ಸ್ವಲ್ಪ ದೂರ ಹೋಗಿ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

ಚಿಕ್ಕಬೋರಮ್ಮ ಬದುವಿನಲ್ಲೇ ಉಳಿದಳು. ಕರೆಯದೆ ಹೋಗುವ ಹಕ್ಕು ಇನ್ನು ತನಗಿಲ್ಲವೆಂದು ಅವಳಿಗೆ ಅನಿಸಿತು.

"ಅಲ್ಲೇ ನಿಂತರೆ ಹೇಗೆ?" ವಸಂತಮ್ಮ ತಿರುಗದೆಯೇ ಕೂಗಿದರು. "ನೀನು ಬಂದು ತೋರಿಸದಿದ್ದರೆ ನನಗೆ ಇನ್ಯಾರು ತೋರಿಸುತ್ತಾರೆ?"

ಅವಳು ಚಪ್ಪಲಿ ಬಿಟ್ಟು, ಹಳೆಯ ಮೂಲೆಯ ಹತ್ತಿರವಿದ್ದ ಹುಣಸೆಮರದ ಬುಡಕ್ಕೆ ಹೋದಳು. ಅಲ್ಲಿಂದ ಹನ್ನೆರಡು ಹೆಜ್ಜೆ ಹಾಕಿದಳು. ನಿಂತಳು. ಎಡಕ್ಕೆ ಅರ್ಧ ಹೆಜ್ಜೆ ಸರಿದಳು, ಮತ್ತೆ ಅನುಮಾನಪಟ್ಟಳು.

"ಇಲ್ಲೇ ಕಣಮ್ಮಾವ್ರೇ. ಇಲ್ಲೇ, ಇಲ್ದಿದ್ರೆ ಒಂದ್ಮೊಳ ಆ ಕಡೀಕೆ. ದೇವ್ರಾಣೆ ಇನ್ನು ಸುಳ್ಳೇಳಾಕಿಲ್ಲ, ಆ ಒಂದ್ಮೊಳ ಮಾತ್ರ ಗೊತ್ತಿಲ್ಲ."

ವಸಂತಮ್ಮ ಅವಳು ನಿಂತ ಜಾಗದಲ್ಲಿ ಕೂತರು. ಮಗಳು ತಂದುಕೊಟ್ಟ ಸೇವಂತಿಗೆಯನ್ನು ಮಡಿಲಿಗೆ ಹಾಕಿಕೊಂಡರು. ಆಮೇಲೆ ಪಕ್ಕದ ನೆಲವನ್ನು ತಟ್ಟಿದರು.

"ಕೂತ್ಕೋ. ಇಬ್ಬರು ಕೂತರೆ ಆ ಮೊಳವೂ ಸೇರುತ್ತೆ."