ಏಳನೇ ತರಗತಿಯ ಚಪಾತಿ ಊಟ

ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ದಿನ ಹೊಸ ಬಗೆಯ ಊಟ ಇಟ್ಟಿದ್ದರು. ಬೆಂಚಿನ ಒಂದು ತುದಿಯಲ್ಲಿ ಚಪಾತಿ ರಾಶಿ. ಅಲ್ಲಿಂದಾಚೆಗೆ ಸಾಲಾಗಿ ಆಲೂಗಡ್ಡೆ ಪಲ್ಯ, ಕಡಲೆಕಾಳಿನ ಉಸಲಿ, ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಎರಡು ಮೂರು ಬಗೆಯ ಚಟ್ನಿ, ಗಟ್ಟಿ ಮೊಸರು. ಚಪಾತಿ ಎತ್ತಿಕೊಂಡು ಮುಂದೆ ನಡೆಯುತ್ತಾ, ಬೇಕಾದ್ದನ್ನು ಬೇಕಾದಷ್ಟು ಅದರ ಮೇಲೆ ಹಾಕಿಕೊಂಡು, ಸುರುಳಿ ಸುತ್ತಿ ತಿನ್ನಬೇಕು. ಹೋಳೂರಿನ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ಎಲೆಯ ಮುಂದೆ ಕೂತು ಬಡಿಸುವವರ ಕೈ ನೋಡಿಕೊಂಡೇ ಬೆಳೆದವಳು ನಾನು. ಯಾರೂ ಕಾಯಬೇಕಿಲ್ಲ, ಯಾರೂ ಕೇಳಬೇಕಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು.

ನನಗೆ ಮೊದಲು ಕೆಲಸ ಸಿಕ್ಕಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ. ಹೆಸರು ಬೇಡ. ಹೆಸರು ಹೇಳಿದರೆ ತಪ್ಪೆಲ್ಲ ಊರಿನ ತಲೆಗೆ ಹೋಗುತ್ತದೆ, ನಾನು ನುಣುಚಿಕೊಳ್ಳುತ್ತೇನೆ. ಏಳನೇ ತರಗತಿಗೆ ನಾನೇ ಟೀಚರು. ನಲವತ್ತು ಮಕ್ಕಳಲ್ಲಿ ಊರ ಹೊರಗಿನ ಕೇರಿಯಿಂದ ಬರುತ್ತಿದ್ದವಳು ಒಬ್ಬಳೇ. ಅವಳ ಜೊತೆ ಸೇರಿದ್ದ ಉಳಿದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಲೆಕ್ಕದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ನಾನು ಕರಿಹಲಗೆಯ ಮೇಲೆ ತಪ್ಪು ಮಾಡಿದರೆ ಮೆಲ್ಲಗೆ ಎದ್ದು ನಿಂತು "ಮಿಸ್, ಅಲ್ಲಿ ಮೂರು ಬರಬೇಕು" ಅನ್ನುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಮುಳಬಾಗಿಲಿನ ಹೈಸ್ಕೂಲಿಗೆ, ಹಾಸ್ಟೆಲಿಗೆ ನಾನೇ ಸೇರಿಸುತ್ತೇನೆಂದು ಅವಳ ಅಪ್ಪನಿಗೆ ಮಾತು ಕೊಟ್ಟಿದ್ದೆ. ಹೆಣ್ಣುಮಗುವನ್ನು ಒಂಟಿಯಾಗಿ ಕಳಿಸಲು ಆತ ಒಪ್ಪಿದ್ದು ಅದೊಂದೇ ಮಾತಿನ ಮೇಲೆ.

ಶಾಲೆಯಲ್ಲಿ ಊಟ ಹಾಕಿದಾಗಲೆಲ್ಲ ಅವಳು ಸಾಲಿನ ಕೊನೆಯಲ್ಲಿ, ಒಂದು ಮೊಳ ಬಿಟ್ಟು ಕೂರುತ್ತಿದ್ದಳು. ಅವಳ ಎಲೆಯ ಹತ್ತಿರ ಬಂದಾಗ ಬಡಿಸುವವರ ಕೈ ಮೇಲೇರುತ್ತಿತ್ತು. ಅನ್ನ ಎತ್ತರದಿಂದ ಬೀಳುತ್ತಿತ್ತು. ಇದನ್ನು ನೋಡುವಾಗಲೇ ನನಗೆ ಹಾಸ್ಟೆಲಿನ ಚಪಾತಿ ನೆನಪಾದದ್ದು. ಸಾಲೇ ಇಲ್ಲದಿದ್ದರೆ ಸಾಲಿನ ಕೊನೆಯೂ ಇರುವುದಿಲ್ಲ, ಬಡಿಸುವ ಕೈಯೇ ಇಲ್ಲದಿದ್ದರೆ ಮೇಲೇರುವುದಾದರೂ ಏನು? ಏಳನೇ ತರಗತಿಯ ಬೀಳ್ಕೊಡುಗೆಗೆ ಅದನ್ನೇ ಮಾಡೋಣವೆಂದು ಹೊರಟೆ. ಎಂಥಾ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಬ್ಬೊಬ್ಬರೂ ಒಂದೊಂದು ತರಬೇಕೆಂದು ಹಂಚಿದೆ. ಕೆಲವರ ಮನೆಯಿಂದ ಚಪಾತಿ, ಕೆಲವರಿಂದ ಪಲ್ಯ, ಹುಚ್ಚೆಳ್ಳು ಪುಡಿ, ಕಡಲೆಕಾಯಿ ಚಟ್ನಿ, ಮೊಸರು. ಹೆಡ್ ಮೇಷ್ಟ್ರು ಪಟ್ಟಿಯನ್ನು ಓದಿ, ಒಳ್ಳೆಯ ಮಾತಿನಲ್ಲೇ ಹೇಳಿದರು: "ಆ ಹುಡುಗಿ ಕೈಲಿ ಹಸೀದೇನಾದ್ರೂ ತರಿಸಮ್ಮಾ. ಟೊಮೇಟೊ ತರಲಿ, ಇಡೀದು. ತೊಳ್ಕೊಂಡು ನಾವೇ ಹೆಚ್ಕೊಂಡ್ರಾಯ್ತು. ಸುಮ್ನೆ ಯಾಕೆ ತಕರಾರು?"

ನಾನು ಹೂಂ ಅಂದೆ. ಅವಳಿಗೆ "ನೀನು ಟೊಮೇಟೊ ತಗೊಂಡ್ಬಾ ಕಣೇ" ಎಂದಷ್ಟೇ ಹೇಳಿದೆ. ಇಡೀ ಹಣ್ಣು ತಾ ಎಂದು ಹೇಳಿದ್ದರೆ ಯಾಕೆ ಅನ್ನುತ್ತಿದ್ದಳು.

ಆ ದಿನ ಅವಳು ಎಲ್ಲರಿಗಿಂತ ಮೊದಲು ಬಂದಳು. ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ದೊಡ್ಡ ಸಿಲ್ವರ್ ಬೋಗುಣಿ. ಬಟ್ಟೆ ತೆಗೆದಳು. ತುಂಬಾ ಟೊಮೇಟೊ, ಒಂದೇ ಅಳತೆಯಲ್ಲಿ ಸಣ್ಣಗೆ ಹೆಚ್ಚಿದ್ದು. ಜೊತೆಗೆ ಮಾವಿನಕಾಯಿ, ಈರುಳ್ಳಿ, ಕೊತ್ತಂಬರಿ. ಬೆಳಗಿನ ಜಾವವೇ ಎದ್ದು ಕೂತಿರಬೇಕು. ಇನ್ನೊಂದು ಕೈಯಲ್ಲಿ ಕಾಗದದ ಪುಟ್ಟ ಪೊಟ್ಟಣವಿತ್ತು. ಅದೇನೆಂದು ನಾನು ಕೇಳಲಿಲ್ಲ.

"ಚೆನ್ನಾಗೈತಾ ಮಿಸ್?" ಅಂದಳು.

"ತುಂಬಾ ಚೆನ್ನಾಗಿದೆ" ಅಂದೆ. ಬೋಗುಣಿಯನ್ನು ಬೆಂಚಿನ ನಡುವಿಗೇ ಇಟ್ಟೆ. ಆ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಬಂದಷ್ಟೇ ಬೇಗ ಹೋಗಿಯೂ ಬಿಟ್ಟಿತು.

ಮಕ್ಕಳು ಚಪಾತಿ ಹಿಡಿದು ಗಲಾಟೆ ಮಾಡುತ್ತಾ ಬಂದರು. ಪಲ್ಯ ಹಾಕಿಕೊಂಡರು, ಪುಡಿ ಉದುರಿಸಿಕೊಂಡರು. ಬೋಗುಣಿಯ ಹತ್ತಿರ ಬಂದಾಗ ಮಾತು ನಿಲ್ಲುತ್ತಿತ್ತು, ಕೈ ಅದನ್ನು ದಾಟಿ ಮೊಸರಿಗೆ ಹೋಗುತ್ತಿತ್ತು. ಅವಳು ಬೋಗುಣಿಯ ಪಕ್ಕದಲ್ಲೇ ನಿಂತು "ಹಾಕ್ಕೊಳ್ರೇ, ಹಾಕ್ಕೊಳ್ರೋ" ಅನ್ನುತ್ತಿದ್ದಳು. ಮೊದಲು ನಗುತ್ತಾ, ಆಮೇಲೆ ಸಣ್ಣ ದನಿಯಲ್ಲಿ. ಆ ಟೊಮೇಟೊ ಅಲ್ಲಿದ್ದ ಹುಡುಗರ ತೋಟಗಳದ್ದೇ. ಕಿತ್ತು ಬುಟ್ಟಿ ತುಂಬುವವಳು ಅವಳ ಅಮ್ಮ. ಅದೇ ಹಣ್ಣನ್ನು ಇವರೆಲ್ಲ ಮನೆಯಲ್ಲಿ ದಿನವೂ ತಿನ್ನುತ್ತಿದ್ದರು.

ಹೆಡ್ ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಇಡೀದಾದ್ರೆ ತೊಳೀಬಹುದಿತ್ತು. ಹೆಚ್ಚಿರೋದನ್ನ ಹೆಂಗಮ್ಮಾ ತೊಳೆಯೋದು?"

ಅವಳು ನನ್ನ ಕಡೆ ನೋಡಿದಳು. ನಾನು ಚಪಾತಿ ತೆಗೆದುಕೊಂಡು ನೇರವಾಗಿ ಬೋಗುಣಿಯ ಹತ್ತಿರ ಹೋಗಿ, ಎಲ್ಲರಿಗೂ ಕಾಣುವಂತೆ ಎರಡು ಚಮಚ ತುಂಬ ಹಾಕಿಕೊಂಡೆ. ಅವಳ ಮುಖ ಅರಳಿತು. ಆ ನಗು ನೋಡಿದಾಗ ನಾನು ಗೆದ್ದೆ ಎಂದುಕೊಂಡೆ. ಸುರುಳಿ ಸುತ್ತಿ ಬಾಯಿಯ ಹತ್ತಿರ ತಂದೆ.

ಬಾಯಿ ತೆರೆಯಲಿಲ್ಲ.

ಮೇಷ್ಟ್ರಿಗೆ ಹೆದರಿದೆ, ಊರಿಗೆ ಹೆದರಿದೆ ಎಂದು ಬರೆದರೆ ಓದುವವರು ಅಯ್ಯೋ ಪಾಪ ಅಂದಾರು. ಅದು ಸುಳ್ಳು. ನನಗೆ ಅಸಹ್ಯವಾಯಿತು. ಪಾಠಗಳಲ್ಲಿ ಎಲ್ಲರೂ ಒಂದೇ ಎಂದು ಕೊರೆಯುತ್ತಿದ್ದ ನನ್ನ ಗಂಟಲು ನಮ್ಮಮ್ಮನ ಅಡುಗೆಮನೆಯಲ್ಲಿ ಕಲಿತದ್ದನ್ನೇ ನೆನಪಿಟ್ಟುಕೊಂಡಿತ್ತು. ಯಾರೋ ಕರೆದಂತೆ ತಿರುಗಿ ಶಾಲೆಯ ಹಿಂದಕ್ಕೆ ಹೋದೆ. ಬೇಲಿಯ ಹತ್ತಿರ ಕೋಳಿಗಳು ಕೆದಕುತ್ತಿದ್ದವು. ಚಪಾತಿ ಸಮೇತ ಅವಕ್ಕೆ ಎಸೆದೆ. ಕೈ ತೊಳೆದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ವಾಪಸು ಬಂದೆ. ಏನೂ ತಿನ್ನದ ಬಾಯಿಯನ್ನು ಎಷ್ಟು ಚೆನ್ನಾಗಿ ಒರೆಸಿಕೊಂಡೆ ಎಂಬುದು ಈಗಲೂ ನೆನಪಿದೆ.

"ಉಪ್ಪು, ಹುಳಿ ಎಲ್ಲ ಹದವಾಗಿತ್ತು ಕಣೇ" ಅಂದೆ.

ಅವಳು ತಲೆ ಆಡಿಸಿದಳು. ಊಟ ಮುಗಿದಾಗ ತುಂಬಿದ ಬೋಗುಣಿಗೆ ಅದೇ ಬಟ್ಟೆ ಮುಚ್ಚಿಕೊಂಡು ಮನೆಗೆ ಹೋದಳು.

ಫಲಿತಾಂಶ ಬಂತು. ಅವಳು ಪಾಸಾಗಿದ್ದಳು, ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು. ಹೈಸ್ಕೂಲಿನ ಅರ್ಜಿ ತುಂಬಿಟ್ಟುಕೊಂಡು ಕಾದೆ. ಅಪ್ಪನೂ ಬರಲಿಲ್ಲ, ಮಗಳೂ ಬರಲಿಲ್ಲ. ಕೊನೆಗೆ ನಾನೇ ಕೇರಿಗೆ ಹೊರಟೆ. ಆ ಊರಿಗೆ ಬಂದು ಆಗಲೇ ಎರಡು ವರ್ಷವಾಗಿದ್ದ ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿಯತನಕ ಆ ಅಪ್ಪನ ಜೊತೆ ಮಾತೆಲ್ಲ ಶಾಲೆಯ ಗೇಟಿನ ಹತ್ತಿರವೇ ಆಗಿತ್ತು.

ಅಪ್ಪ ಚಾಪೆ ಹಾಸಿ ದೂರ ನಿಂತ. "ನೇನೇಮಿ ಚೇಸೇದಮ್ಮಾ? ಅದೇ ಒದ್ದಂಟಾಂದಿ" ಎಂದು ತೆಲುಗಿನಲ್ಲಿ ಹೇಳಿದ. ನಾನೇನು ಮಾಡಲಿ, ಅವಳೇ ಬೇಡ ಅನ್ನುತ್ತಿದ್ದಾಳೆ ಎಂದು.

ಅವಳು ಬಾಗಿಲಿಗೆ ಬಂದಳು.

"ಯಾಕೆ ಕಣೇ ಬೇಡ? ನಾನೇ ಬಂದು ಸೇರಿಸ್ತೀನಿ ಅಂದಿದ್ದೆನಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?" ಅಂದೆ.

ಕರಿಹಲಗೆಯ ಮೇಲಿನ ತಪ್ಪನ್ನು ತೋರಿಸುತ್ತಿದ್ದಾಗಿನ ಅದೇ ಮೆಲುದನಿಯಲ್ಲಿ ಹೇಳಿದಳು: "ಅವತ್ತು ನಾನು ಉಪ್ಪು ಹಾಕಿರ್ಲಿಲ್ಲ ಮಿಸ್. ಮೊದ್ಲೇ ಹಾಕಿದ್ರೆ ನೀರು ಬಿಟ್ಕೊಳ್ತದೆ ಅಂತ ಪೊಟ್ಟಣದಾಗೆ ತಂದಿದ್ದೆ. ನೀವು ಹಾಕ್ಕೊಂಡಾಗ ಖುಷೀಲಿ ಮರ್ತೇಹೋಯ್ತು."

ನಾನು ಏನಾದರೂ ಹೇಳುತ್ತೇನೆಂದು ಕಾದಳು. ಕೋಪವಿರಲಿಲ್ಲ ಅವಳಿಗೆ, ನಿಜವಾಗಿಯೂ ಕಾದಳು. ಆಮೇಲೆ ಒಳಗೆ ಹೋದಳು. ಅಪ್ಪ ಏನೂ ಅರ್ಥವಾಗದೆ ನನ್ನನ್ನೂ ಬಾಗಿಲನ್ನೂ ನೋಡುತ್ತಿದ್ದ. ನಾನು ಅರ್ಜಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಅವಳು ಬುಟ್ಟಿ ಹೊತ್ತು ಅಮ್ಮನ ಹಿಂದೆ ತೋಟಕ್ಕೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಮಕ್ಕಳ ಕಡೆ ತಿರುಗಿ ಪಾಠ ಮಾಡುತ್ತಿದ್ದೆ. ಮೂರು ವರ್ಷದ ಮೇಲೆ ಶ್ರೀನಿವಾಸಪುರಕ್ಕೆ ವರ್ಗವಾಗಿ ಹೊರಡುವ ದಿನ ಶಾಲೆಯ ಬೀರುವಿನ ಬೀಗದ ಕೈ ಒಪ್ಪಿಸುವ ಮುಂಚೆ ಅದನ್ನೊಮ್ಮೆ ತೆರೆದೆ. ಹೈಸ್ಕೂಲಿಗೆ ಸೇರಿಸಲೆಂದು ನಾನೇ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದ ಅವಳ ಟಿ.ಸಿ. ಅಲ್ಲೇ ಇತ್ತು.