ನೀರು ಬಿಡುವ ಮುಂಚಿನ ಕೂಗು

ಏನೋ ಕಂಡಿತು, ಯಾರೋ ಕರೆದರು ಎಂದು ಬರುವ ಪೇಷಂಟುಗಳಿಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳುವ ಡಾಕ್ಟರು ನಾನು. ಈಗಲೂ ಅದನ್ನೇ ಕೇಳುತ್ತೇನೆ. ದೆವ್ವ, ಅಶರೀರವಾಣಿ ಎಲ್ಲ ನನ್ನ ಪಾಲಿಗೆ ಕೆಲಸವಿಲ್ಲದವರ ಮಾತು. ಆದರೆ ಇಂಗ್ಲಿಷರ ನಾಡಿನ ಈ ಹಾರ್ಬೋರ್ನ್‌ನ ನಮ್ಮ ಮನೆಯ ಹಿಂದೆ ಹಾಡಹಗಲೇ ನಡೆದ ಒಂದು ಸಂಗತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆ ಬೇಸಿಗೆ ನನ್ನ ಗಂಡನ ದೊಡ್ಡಪ್ಪ ನಮ್ಮಲ್ಲಿಗೆ ಬಂದಿದ್ದರು. ನಾನವರನ್ನು ದೊಡ್ಡಮಾವ ಎನ್ನುತ್ತಿದ್ದೆ. ನೀರಾವರಿ ಇಲಾಖೆಯಿಂದ ನಿವೃತ್ತರು. ಊರು ಬಳ್ಳಾರಿ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡದ್ದು. ಗಂಡಹೆಂಡಿರಿಬ್ಬರ ಕೆಲಸದ ಪಾಳಿ ಒಂದಕ್ಕೊಂದು ಹೊಂದದ ಕಾರಣ, ಶಾಲೆಯ ರಜೆಯಲ್ಲಿ ಆರು ವರ್ಷದ ಮಗಳನ್ನು ನೋಡಿಕೊಳ್ಳಲೆಂದು ನಾವೇ ಕರೆಸಿಕೊಂಡಿದ್ದೆವು. ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ಮೊದಲಿಂದಲೂ ಒಂದು ಅನುಮಾನ. ಬಾಯಿತುಂಬ ಮಾತಾಡುವವರು, ಆದರೆ ಬೇಕಾದ ಕಡೆ ಮಾತು ತೇಲಿಸಿಬಿಡುವವರು. ಇಂಥವರ ಕೈಗೆ ಮಗು ಬಿಟ್ಟು ಕೆಲಸಕ್ಕೆ ಹೋಗಬಹುದೇ ಎಂದು ಆ ವಾರವೇ ತೀರ್ಮಾನಿಸಬೇಕಿತ್ತು.

ಅವತ್ತು ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಇಲ್ಲಿಯ ಕನ್ನಡದವರ ಕೂಟದಲ್ಲಿ ದೊಡ್ಡಮಾವನದೊಂದು ಭಾಷಣವಿತ್ತು, ತಮ್ಮೂರಿನ ಮೊದಲ ಕಾಲುವೆಯ ಬಗ್ಗೆ. ಅಡುಗೆಮನೆಯಲ್ಲಿ ಕೂತು ಅದನ್ನು ನನ್ನೆದುರು ಒಪ್ಪಿಸುತ್ತಿದ್ದರು. ನಾನು ಹುರುಳಿಕಾಯಿ ಸೋಸುತ್ತ ಹೂಂಗುಟ್ಟುತ್ತಿದ್ದೆ. ಅವರ ಅಜ್ಜನೇ ಆ ಕಾಲುವೆಯ ಮೇಸ್ತ್ರಿಯಂತೆ, ತೂಬಿನ ಬಾಗಿಲು ಮೊದಲು ಎತ್ತಿದ ಕೈಯೂ ಆ ಅಜ್ಜನದೇ ಅಂತೆ. ತೋಡಿದ ಮೇಲೆ ವರ್ಷಗಟ್ಟಲೆ ಅದು ಒಣಗಿ ಬಿದ್ದಿತ್ತು. ಜನ ಅದರೊಳಗೇ ದಾರಿ ಮಾಡಿಕೊಂಡಿದ್ದರು, ಬಿಸಿಲು ಹೆಚ್ಚಾದರೆ ಸೇತುವೆಗಳ ಕೆಳಗೆ ಹೋಗಿ ಮಲಗುತ್ತಿದ್ದರು. ಅದಕ್ಕೇ ಅಲ್ಲೊಂದು ಪದ್ಧತಿ. ನೀರು ಬಿಡುವ ಮುಂಚೆ ತೂಬು ಕಾಯುವ ನೀರಗಂಟಿ ದಂಡೆಯುದ್ದಕ್ಕೂ ಕೂಗಿಕೊಂಡು ಹೋಗಬೇಕು.

"ಮ್ಯಾಲಕ್ಕ ಬರ್ರೀ, ನೀರು ಬಿಡಾಕತ್ತಾರ ಅಂತ ಕೂಗತಿದ್ರವ್ವಾ. ಎರಡನೇ ಸಲದಿಂದ ಅದು ಒಮ್ಮೆನೂ ತಪ್ಪಿಲ್ಲ."

"ಮೊದಲನೇ ಸಲ ಯಾರು ಕೂಗಿದ್ರು ದೊಡ್ಡಮಾವ?"

"ಒಂದೀಟು ಕಾಫಿ ಮಾಡ್ತೀಯೇನವ್ವಾ?" ಎಂದರು.

ಕಾಫಿಗೆಂದು ಎದ್ದಾಗಲೇ ಮಗಳು ಹಿತ್ತಲಲ್ಲಿಲ್ಲವೆಂದು ನನಗೆ ಗೊತ್ತಾದದ್ದು. ಹಿಂದಿನ ಗೇಟು ತೆರೆದಿತ್ತು. ಅದರಾಚೆ ಪಾರ್ಕು, ಪಾರ್ಕಿನ ಅಂಚಿಗೆ ಒಂದು ತೊರೆ, ಅದು ರಸ್ತೆಯಡಿಯ ದೊಡ್ಡ ಕೊಳವೆಯೊಳಗೆ ಹೋಗುತ್ತದೆ. ಪಾದ ನೆನೆಯುವಷ್ಟೂ ನೀರಿಲ್ಲದ ಅದನ್ನು ನಾವ್ಯಾರೂ ತೊರೆಯೆಂದೇ ಎಣಿಸಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮಗಳು ಮಂಡಿಯವರೆಗೆ ಕೆಸರು ಮೆತ್ತಿಕೊಂಡು ದಂಡೆಯ ಮೇಲೆ ನಿಂತಿದ್ದಳು. ಅವಳನ್ನು ಎತ್ತಿಕೊಳ್ಳುವಷ್ಟರಲ್ಲಿ ಕಂದುಬಣ್ಣದ ನೀರು ಭರ್ರನೆ ಬಂದು ಕೊಳವೆಯ ಬಾಯಿ ಮುಚ್ಚುವಂತೆ ಒಳಗೆ ನುಗ್ಗಿತು. ಎಲ್ಲೋ ಮೇಲುಭಾಗದಲ್ಲಿ ದೊಡ್ಡ ಮಳೆಯಾಗಿತ್ತಂತೆ. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಅವಳು ಕೊಳವೆಯೊಳಗೆ ಆಡುತ್ತಿದ್ದಳಂತೆ. ಮೇಲೆ ಯಾಕೆ ಬಂದೆ ಎಂದರೆ, ಅಜ್ಜ ಕರೆದರು ಎಂದಳು, ಇಂಗ್ಲಿಷಿನಲ್ಲಿ. ಕನ್ನಡ ತಿಳಿದರೂ ಎಂದೂ ಆಡದ ಹುಡುಗಿ. ಅಜ್ಜ ಏನಂದರು ಎಂದು ಕೇಳಿದಾಗ ಮಾತ್ರ "ಮ್ಯಾಲಕ್ಕ ಬರ್ರೀ" ಎಂದು ಎಳೆದು ಕೂಗಿ ತೋರಿಸಿದಳು. ಅವಳು ಅಜ್ಜ ಎನ್ನುತ್ತಿದ್ದ ದೊಡ್ಡಮಾವನೋ ಅಷ್ಟು ಹೊತ್ತೂ ನನ್ನ ಕಣ್ಣೆದುರಿಗೇ ಇದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಈ ಮುದುಕ ಮಗುವಿಗೆ ಕಾಲುವೆಯ ಕಥೆ ಹೇಳಿ ತಲೆ ಕೆಡಿಸಿದ್ದಾನೆ, ಆ ಹಾಳು ಕೊಳವೆಯನ್ನು ತೋರಿಸಿದವನೂ ಇವನೇ ಇರಬೇಕು ಎನಿಸಿತು. ಕೇಳಿಯೇಬಿಟ್ಟೆ. ಅಂಥದ್ದೇನೂ ಹೇಳಿಲ್ಲವೆಂದು ಆಣೆ ಮಾಡಿದರು. ನಾನು ನಂಬಲಿಲ್ಲ. ಸರಿ, ಹೇಳಿದ್ದರು ಎಂದೇ ಇಟ್ಟುಕೊಳ್ಳೋಣ. ಮಾತು ಕಲಿತಿರಬಹುದು, ಆದರೆ ಆ ಗಳಿಗೆಯಲ್ಲಿ ಕೇಳಿಸಿದ ದನಿ? ಕೆಲಸ ಮುಗಿಸಿ ಬಂದ ನನ್ನ ಗಂಡ "ಮಗು ಉಳೀತಲ್ಲ, ಬಿಡು" ಎಂದರು. ನನಗೆ ಬಿಡಲಾಗಲಿಲ್ಲ.

ಕೆಸರು ತೊಳೆಯುವಾಗ ಮಗಳು ಇನ್ನೊಂದು ಮಾತು ಹೇಳಿದ್ದಳು. ಒಳಗೆ ಇನ್ನೊಬ್ಬರಿದ್ದರು, ಅವರು ಬರಲಿಲ್ಲ ಎಂದು. ತಕ್ಷಣ ಪೊಲೀಸರಿಗೆ ಫೋನ್ ಮಾಡಿದ್ದೆ. ಅವರು ಬಂದು ಕೊಳವೆಯ ಎರಡೂ ಕಡೆ ಹುಡುಕಿದರು. ಯಾರೂ ಸಿಗಲಿಲ್ಲ, ಯಾರೂ ಕಾಣೆಯಾಗಿರಲೂ ಇಲ್ಲ. ಅವರು ಹೋದ ಮೇಲೆ, ಯಾಕೆ ಬಂದಿದ್ದರೆಂದು ದೊಡ್ಡಮಾವ ಕೇಳಿದರು. ಒಳಗೆ ಇನ್ನೊಬ್ಬರಿದ್ದರಂತೆ ಎಂದೆ, ಅಷ್ಟೇ.

ಅವರ ಮುಖ ಬಿಳಿಚಿಕೊಂಡಿತು. "ಕಂಕುಳಾಗ ಕೂಸಿತ್ತಂತೇನವ್ವಾ?" ಎಂದರು.

ಯಾರ ಕಂಕುಳಲ್ಲಿ, ಯಾವ ಕೂಸು, ಮೊದಲನೇ ಸಲ ಕೂಗದೆಯೇ ನೀರು ಬಿಟ್ಟಿದ್ದರೇ ಎಂದು ಕೇಳಿದ್ದಕ್ಕೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾಷಣವನ್ನೂ ಮಾಡಲಿಲ್ಲ. ಮಗಳನ್ನು ನಾನು ಅವರ ಜೊತೆ ಬಿಡಲೂ ಇಲ್ಲ, ಬೇಗನೇ ಊರಿಗೆ ಹೊರಟುಹೋದರು. ಈಗ ಅವರಿಲ್ಲ.

ಮಗಳು ಈಗ ನನ್ನಷ್ಟೇ ಎತ್ತರ ಬೆಳೆದಿದ್ದಾಳೆ. ಅವರು ಕೇಳಿದ ಪ್ರಶ್ನೆಯನ್ನು ನಾನು ಅವಳಿಗೆ ಇನ್ನೂ ಕೇಳಿಲ್ಲ. ಇಲ್ಲ ಎಂದರೆ ಮುದುಕ ನಾಟಕವಾಡಿದ ಎಂದು ಸುಮ್ಮನಾಗಬಹುದು. ಹೌದು ಎಂದುಬಿಟ್ಟರೆ, ಅವತ್ತು ನನ್ನ ಮಗಳನ್ನು ಮೇಲಕ್ಕೆ ಕರೆದವರು ಯಾರೆಂದು ನಾನು ಯಾರನ್ನು ಕೇಳಲಿ?